ಆನೆ ಸರಪಳಿಯ ಕಾರು

ರೇವಣ್ಣನ ಕಾರಿನ ಚಕ್ರಗಳಿಗೆ ಸರಪಳಿ ಬಂದ ದಿನದಿಂದ ಸಿದ್ದಬಸಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಶನಿವಾರಸಂತೆಯಲ್ಲಿ ಮೊದಲು ಕಾರು ಕೊಂಡವನು ಏಲಕ್ಕಿ ವ್ಯಾಪಾರಿ ಸಿದ್ದಬಸಪ್ಪನೇ. ಕಾಫಿ ತೋಟ ಮಾರಿ ಇಂಗ್ಲೆಂಡಿಗೆ ಹೊರಟ ಮುದುಕ ಬಿಳಿ ದೊರೆಯೊಬ್ಬನಿಂದ ಕೊಂಡದ್ದು. ಎರಡು ವರ್ಷ ಊರಿಗೆಲ್ಲ ಅದೊಂದೇ ಕಾರು. ಮೂರನೆಯ ವರ್ಷ ಪಕ್ಕದ ಮನೆಯ ರೇವಣ್ಣನೂ ಒಂದು ತಂದ. ಅದನ್ನು ಹೇಗೋ ನುಂಗಿಕೊಂಡದ್ದಾಯಿತು. ಆದರೆ ಈ ಸಲ ಮುಂಗಾರು ಹಿಡಿಯುವ ಹೊತ್ತಿಗೆ ರೇವಣ್ಣ ಮದರಾಸಿನಿಂದ ಸರಪಳಿ ತರಿಸಿ ಹಿಂದಿನ ಎರಡೂ ಚಕ್ರಕ್ಕೆ ತೊಡಿಸಿಬಿಟ್ಟ. ಮಳೆಗಾಲ ಬಂತೆಂದರೆ ಸಿದ್ದಬಸಪ್ಪನ ಕಾರು ಕೊಟ್ಟಿಗೆ ಸೇರಿ, ಮೇಲೆ ಕೋಳಿಗಳು ಕೂರುತ್ತಿದ್ದವು. ರೇವಣ್ಣನ ಕಾರು ಮಾತ್ರ ಮೊಣಕಾಲುದ್ದ ಕೆಸರಿನಲ್ಲಿ ಗೆಜ್ಜೆ ಕಟ್ಟಿದ ಮದುವಣಗಿತ್ತಿಯಂತೆ ಝಣ್ ಝಣ್ ಎಂದು ಬೀದಿಯುದ್ದಕ್ಕೂ ಹೋಗುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಸಿದ್ದಬಸಪ್ಪ ಕಿಟಕಿ ಮುಚ್ಚುತ್ತಿದ್ದ. ಮುಚ್ಚಿದ ಮೇಲೆ ಸಂದಿಯಲ್ಲಿ ನೋಡುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಹೆಂಡತಿ ಹೊನ್ನಮ್ಮ ಕಡುಬಿನ ಹಿಟ್ಟು ಕಲೆಸುತ್ತಾ ಅಂದಳು: "ಏನ್ರೀ, ಅರಕಲಗೂಡಿನ ಪಟೇಲ್ರು ಹನ್ನೆರಡು ಗಂಟೆ ಬಸ್ಸಿಗೆ ಬರ್ತಾರೆ. ಬಸ್ಸು ಕೊಡ್ಲಿಪೇಟೇಲೇ ನಿಂತ್ಬಿಡುತ್ತೆ. ಅಲ್ಲಿಂದ ಹೆಂಗ್ ಕರ್ಕೊಂಡ್ ಬರ್ತೀರಿ?"

ಪಟೇಲರು ಬರುತ್ತಿದ್ದದ್ದು ಸಿದ್ದಬಸಪ್ಪನ ಮಗಳು ಗಂಗೆಯನ್ನು ತಮ್ಮ ಮಗನಿಗೆ ನೋಡಲು. ಸಂಬಂಧ ಹೇಳಿದವರು ಮಠದ ಅಯ್ಯನವರು. ಸಿದ್ದಬಸಪ್ಪ ಪಟೇಲರ ಮುಖ ಕಂಡವನಲ್ಲ, ಅವರೂ ಇವನನ್ನು ಕಂಡವರಲ್ಲ. ಕಾರು ಕಳಿಸುತ್ತೇನೆಂದು ಕಾಗದ ಮಾತ್ರ ಹೋಗಿತ್ತು.

"ನಮ್ಮ ಕಾರಿಲ್ವೇನೇ?"

"ಕೆಸರಲ್ಲಿ ಹೂತ್ಕೊಳ್ಳೋಕಾ? ರೇವಣ್ಣನಿಗೆ ಒಂದು ಮಾತು ಹೇಳಿ. ಅವನ ಕಾರಿಗೆ ಸರಪಳಿ ಐತೆ."

ಸಿದ್ದಬಸಪ್ಪನ ಕಿವಿ ಕೆಂಪಾಯಿತು. ರೇವಣ್ಣನ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಾಳೆ. ಬೀಗರನ್ನು ಅವನ ಕಾರಿನಲ್ಲಿ ಕೂರಿಸುವುದೂ ಒಂದೇ, ಅವನ ಮನೆಯ ಹೊಸಿಲು ದಾಟಿಸುವುದೂ ಒಂದೇ!

"ನಾನು ಬದುಕಿರೋವರ್ಗೂ ಅದು ಆಗಲ್ಲ," ಎಂದು ಅವನು ಕಂಬಳಿ ಕೊಪ್ಪೆ ಹೊದ್ದು ಹೊರಟ.

ಸಂತೆಯ ಅಂಚಿನಲ್ಲಿ ಪಾಪನೆಂಬ ಕಮ್ಮಾರನ ಕುಲುಮೆ. ಪಾಪ ವಿಷಯ ಕೇಳಿ, ಮೂಲೆಯಲ್ಲಿ ಹೆಬ್ಬಾವಿನಂತೆ ಸುರುಳಿ ಸುತ್ತಿ ಬಿದ್ದಿದ್ದ ಕಬ್ಬಿಣದ ಕಡೆ ಕೈತೋರಿಸಿದ. "ಮರ ಎಳೀತಿದ್ದ ಆನೇದು ಸ್ವಾಮಿ. ರಿಪೇರಿಗೆ ಬಂದಿತ್ತು. ಅಷ್ಟರಲ್ಲಿ ಆನೆ ಸತ್ತೋಯ್ತು, ಸರಪಳಿ ಉಳ್ಕೊಂತು."

"ರೇವಣ್ಣನದು ಎಷ್ಟು ದಪ್ಪ ಐತೆ?"

"ಕಿರುಬೆರಳಿನಷ್ಟು."

"ಇದು?"

"ಹೆಬ್ಬೆರಳು ಎರಡು ಸೇರಿಸಿದಷ್ಟು."

ಸಿದ್ದಬಸಪ್ಪನ ಮುಖದ ಮೇಲೆ ತಿಂಗಳಿಂದ ಕಾಣದಿದ್ದ ನಗು ಮೂಡಿತು. "ಕಡಿ ಮತ್ತೆ!"

ಪಾಪ ಸರಪಳಿಯನ್ನು ತುಂಡು ಮಾಡಿ, ಕೊಂಡಿ ಹಾಕಿ, ಏಣಿಯಂತೆ ಒಂದು ಜೋಡಿ ಮಾಡಿಕೊಟ್ಟ. ಹೊರಿಸಿಕೊಂಡು ಮನೆಗೆ ಬಂದಾಗ ಅರ್ಧ ಸಂತೆ ಹಿಂದೆಯೇ ಬಂತು. ಕೋಳಿಗಳನ್ನು ಓಡಿಸಿ ಕಾರನ್ನು ಅಂಗಳಕ್ಕೆ ತಳ್ಳಿದ್ದಾಯಿತು. ಈಗ ಯಾವ ಚಕ್ರಕ್ಕೆ ಕಟ್ಟುವುದು ಎಂಬ ಪ್ರಶ್ನೆ ಎದ್ದಿತು.

"ಮುಂದಿನದಕ್ಕೆ. ಎತ್ತು ಮುಂದೇ ಅಲ್ವಾ ಎಳೆಯೋದು?" ಎಂದ ಮೆಣಸಿನಕಾಯಿ ಮಾರುವವನು.

"ನಾಲ್ಕಕ್ಕೂ ಕಟ್ರಿ, ಯಾವುದಕ್ಕೂ ಬೇಜಾರಾಗೋದು ಬೇಡ," ಎಂದಳು ಸೊಪ್ಪಿನ ಲಿಂಗಿ.

"ರೇವಣ್ಣೋರು ಹಿಂದಿನದಕ್ಕೆ ಕಟ್ಟಿದ್ರು," ಎಂದು ಇನ್ನೊಬ್ಬ ಅಂದದ್ದೇ ತಪ್ಪಾಯಿತು. "ಹಂಗಾದ್ರೆ ಮುಂದಿನದಕ್ಕೇ ಕಟ್ಟು!" ಎಂದು ಸಿದ್ದಬಸಪ್ಪ ಅಪ್ಪಣೆ ಮಾಡಿದ.

ಕಟ್ಟಿ ಗಾಡಿ ಬಿಟ್ಟರೆ ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿ, ಬಗ್ಗಿ ನೋಡುತ್ತಿದ್ದ ಮೆಣಸಿನಕಾಯಿಯವನಿಗೆ ತಲೆಯಿಂದ ಕಾಲಿನವರೆಗೆ ಕೆಸರು ಬಳಿದವು. ನೂಕಿದಾಗ ಮುಂದಿನ ಸಡಿಲ ಸರಪಳಿ ಎದ್ದು ಮಡ್‌ಗಾರ್ಡಿಗೆ ಬಡಿಯಿತು. ಮಡ್‌ಗಾರ್ಡು ಸುಟ್ಟ ಹಪ್ಪಳದಂತೆ ಮುದುಡಿ ಕೆಳಗೆ ಬಿತ್ತು. ಆಮೇಲೆ ಬಿಚ್ಚಿ ಹಿಂದಿನ ಚಕ್ರಕ್ಕೆ ಹಾಕಿ, ಟಯರಿನ ಗಾಳಿ ಇಳಿಸಿ, ಬಿಗಿಯಾಗಿ ಕೊಂಡಿ ಸಿಕ್ಕಿಸಿ ಮತ್ತೆ ಗಾಳಿ ತುಂಬುವ ಹೊತ್ತಿಗೆ ಹನ್ನೆರಡೂವರೆ.

ಆದರೆ ಈ ಸಲ ಕಾರು ಹೊರಟಿತು! ಝಣ್ ಝಣ್ ಅಲ್ಲ, ಧಡಾರ್ ಧಡಾರ್. ಮನೆಗಳ ಹೆಂಚು ನಡುಗಿದವು, ನಾಯಿಗಳು ಸಂತೆ ಬಿಟ್ಟು ಓಡಿದವು. ಸಿದ್ದಬಸಪ್ಪನ ಹಲ್ಲು ಕಟಕಟ ಅನ್ನುತ್ತಿದ್ದರೂ ಎದೆ ಅರಳಿತ್ತು. ರೇವಣ್ಣ ಇದನ್ನು ನೋಡಬೇಕಿತ್ತು.

ಅರ್ಧ ದಾರಿಯ ಇಳಿಜಾರಿನಲ್ಲಿ ರೇವಣ್ಣನ ಕಾರೇ ಕಣ್ಣಿಗೆ ಬಿತ್ತು. ಅಚ್ಚಿನವರೆಗೆ ಹೂತು, ಓರೆಯಾಗಿ ನಿಂತಿತ್ತು. ಮದರಾಸಿನಿಂದ ತರಿಸಿದ ಸರಪಳಿ ಚಕ್ರಕ್ಕಿಂತ ಒಂದು ಅಳತೆ ದೊಡ್ಡದು. ಜಾರಿ, ಅಚ್ಚಿಗೆ ಸುತ್ತಿ ತುಂಡಾಗಿತ್ತು. ರೇವಣ್ಣ ಕಾಣಲಿಲ್ಲ. ಒಳಗೆ ಕೋಟು, ರುಮಾಲು ತೊಟ್ಟ ಹಿರಿಯರೊಬ್ಬರು ತೊಡೆಯ ಮೇಲೆ ಚರ್ಮದ ಚೀಲವಿಟ್ಟುಕೊಂಡು ಕೂತಿದ್ದರು.

ಸಿದ್ದಬಸಪ್ಪನ ಸಂತೋಷ ಅಲ್ಲೇ ಹೆಪ್ಪುಗಟ್ಟಿತು. ಬಸ್ಸು ಬಂದು ಹೋಗಿದೆ. ತಾನು ತಡಮಾಡಿದ್ದೇ ಸಾಕು, ರೇವಣ್ಣ ಬೀಗರನ್ನು ಎಗರಿಸಿಕೊಂಡು ಹೊರಟಿದ್ದಾನೆ!

"ಸ್ವಾಮಿ, ಅರಕಲಗೂಡಿಂದ ಬಂದ್ರಲ್ವಾ?"

"ಹೌದು. ರೇವಣ್ಣನೋರು ಎತ್ತು ತರೋಕೆ ಹಳ್ಳಿಗೆ ಹೋಗವ್ರೆ. ಭಾಳ ಹೊತ್ತಾಯ್ತು. ತಡವಾದ್ರೆ ಕಷ್ಟ ಕಣ್ರೀ."

ಯಮಗಂಡ ಕಾಲದ ಚಿಂತೆ ಇರಬೇಕು ಎಂದುಕೊಂಡ ಸಿದ್ದಬಸಪ್ಪ. "ತಡ ಯಾಕಾಗುತ್ತೆ? ನಾವು ಬೆಳಿಗ್ಗೆಯಿಂದ ನಿಮ್ಮನ್ನೇ ಕಾಯ್ತಿದ್ದೀವಿ. ರೇವಣ್ಣ ನಮ್ಮ ಪಕ್ಕದ ಮನೆಯೋನೇ. ಹತ್ತಿ, ಹತ್ತಿ."

ಹಿರಿಯರು ನಿಟ್ಟುಸಿರು ಬಿಟ್ಟು ಇಳಿದರು. ಅವರನ್ನು ಕಂಬಳಿಯಲ್ಲಿ ಸುತ್ತಿ, ಎಳೆಮಗುವನ್ನು ತೊಟ್ಟಿಲಿಗೆ ಹಾಕುವಂತೆ ತನ್ನ ಕಾರಿಗೆ ಹಾಕಿಕೊಂಡ. ದಾರಿಯುದ್ದಕ್ಕೂ ಸರಪಳಿಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಕೇಳಿಸಿದಷ್ಟಕ್ಕೆ ಇಬ್ಬರೂ ತಲೆಯಾಡಿಸಿದರು.

ಮನೆಯಲ್ಲಿ ಹೊನ್ನಮ್ಮ ಕಾಲಿಗೆ ಬಿಸಿನೀರು ಕೊಟ್ಟಳು. ಮಣೆ ಹಾಕಿ ಕಡುಬು ಬಡಿಸಿದಳು. ಹಿರಿಯರು ಮೊದಮೊದಲು, "ಇದೆಲ್ಲ ಯಾಕೆ, ಮೊದ್ಲು ಕೆಲಸ ಮುಗೀಲಿ," ಎಂದರೂ ಆರನೆಯ ಕಡುಬಿನ ಹೊತ್ತಿಗೆ ಸುಮ್ಮನಾದರು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಕೇಳಿದರು:

"ಸರಿ, ಹೆಸರೇನು ಇಟ್ಟಿದ್ದೀರಿ?"

"ಗಂಗೆ ಅಂತ."

"ಒಳ್ಳೇ ಹೆಸರು. ವಯಸ್ಸು?"

"ಹದಿನಾರು ತುಂಬ್ತು."

ಹಿರಿಯರ ಬಾಯಿಯಲ್ಲಿ ಎಲೆ ಅಡಿಕೆ ನಿಂತಿತು. "ಹದಿನಾರಾ! ಇಷ್ಟು ವರ್ಷ ಮನೇಲಿ ಇಟ್ಕೊಂಡಿದ್ದೀರಲ್ಲ, ನಿಮ್ಮದು ದೊಡ್ಡ ಮನಸ್ಸು. ಬೇರೆಯೋರು ಯಾವತ್ತೋ ಸಾಗಹಾಕಿಬಿಡೋರು."

ಸಿದ್ದಬಸಪ್ಪ ತಲೆ ತಗ್ಗಿಸಿದ. "ಒಳ್ಳೇ ಕಡೆ ಸಿಗ್ಲಿಲ್ಲ ಸ್ವಾಮಿ."

"ಹೊಟ್ಟೆಗೆ ಸರಿಯಾಗಿ ತಗೊಳ್ತಾ?"

"ನಿನ್ನೆಯಿಂದ ಸ್ವಲ್ಪ ಕಮ್ಮಿ. ಗಾಬರಿಗೆ," ಎಂದಳು ಹೊನ್ನಮ್ಮ ಬಾಗಿಲ ಮರೆಯಿಂದ.

"ಇರುತ್ತೆ, ಇರುತ್ತೆ. ಹೊಸಬರು ಹತ್ರ ಹೋದ್ರೆ ಒದೆಯೋ ಅಭ್ಯಾಸ ಇದ್ಯಾ?"

ಒಳಗೆ ಪಾತ್ರೆಯೊಂದು ಠಣ್ ಎಂದು ಬಿತ್ತು. "ನಮ್ಮ ಮಗು ಇರುವೆಯನ್ನೂ ತುಳಿಯಲ್ಲ!" ಎಂದಳು ಹೊನ್ನಮ್ಮ. ಸಿದ್ದಬಸಪ್ಪ ಹೆಂಡತಿಗೆ ಕಣ್ಣಲ್ಲೇ ಸುಮ್ಮನಿರಲು ಹೇಳಿದ. ದೊಡ್ಡ ಮನೆತನದವರು, ಎಲ್ಲ ವಿಚಾರಿಸುತ್ತಾರೆ. ರೇವಣ್ಣನ ಕೈಯಿಂದ ಕಿತ್ತು ತಂದ ಬೀಗರು ಏನು ಕೇಳಿದರೂ ಚೆನ್ನ.

ಹಿರಿಯರು ಎದ್ದು ಕೋಟು ಕಳಚಿ ಅಂಗಿಯ ತೋಳು ಮಡಿಸಿದರು. ಚೀಲದಿಂದ ಒಂದು ಬಿದಿರಿನ ಗೊಟ್ಟ, ಒಂದು ಬಾಟಲಿ ಹರಳೆಣ್ಣೆ ತೆಗೆದಿಟ್ಟರು. "ಹಿಡ್ಕೊಳ್ಳೋಕೆ ಇಬ್ಬರು ಗಟ್ಟಿ ಆಳುಗಳನ್ನ ಕರೀರಿ."

ಅದೇ ಹೊತ್ತಿಗೆ ಜರಿ ಸೀರೆಯುಟ್ಟ ಗಂಗೆ ಕಾಫಿ ಲೋಟ ಹಿಡಿದು ಬಂದು ನಿಂತಳು. ಗೊಟ್ಟ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಕಾಫಿ ಆಮೇಲೆ ತಾಯಿ," ಎಂದರು ಹಿರಿಯರು. "ಗಂಗೆ ಎಲ್ಲಿ, ಕೊಟ್ಟಿಗೇಲಾ?"

ಅಷ್ಟರಲ್ಲಿ ಮೈಯೆಲ್ಲ ಕೆಸರಾದ ರೇವಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

"ಡಾಕ್ಟ್ರೇ! ಅಂತೂ ಸಿಕ್ಕಿದ್ರಲ್ಲ! ನಮ್ಮ ಹಸು ನಿನ್ನೆಯಿಂದ ಕರು ಹಾಕೋಕೆ ಆಗ್ದೆ ಒದ್ದಾಡ್ತಿದೆ, ಬನ್ನಿ. ಸಿದ್ದಬಸಣ್ಣ, ಇವರನ್ನ ಜೋಪಾನವಾಗಿ ಕರ್ಕೊಂಡ್ ಬಂದ್ರಲ್ಲ, ನಿಮ್ಮ ಉಪಕಾರ ಮರೆಯಲ್ಲ."

ದನದ ಡಾಕ್ಟರು ಔಷಧಿ ಕುಡಿಸುವ ಗೊಟ್ಟ, ಹರಳೆಣ್ಣೆ ಎತ್ತಿಕೊಂಡು ಪಕ್ಕದ ಮನೆಯ ಕೊಟ್ಟಿಗೆಗೆ ಓಡಿದರು. ರೇವಣ್ಣ ಹೋಗಲಿಲ್ಲ. ಕೈ ಹೊಸೆಯುತ್ತಾ ನಿಂತ.

"ಅಣ್ಣ, ಇನ್ನೊಂದು ವಿಷಯ. ಹೆಂಗ್ ಹೇಳ್ಲೋ ಗೊತ್ತಾಗ್ತಿಲ್ಲ. ಎತ್ತು ತಂದು ನೋಡಿದ್ರೆ ಕಾರಲ್ಲಿ ಡಾಕ್ಟ್ರಿಲ್ಲ. ಬೇಜಾರಾಗಿ ವಾಪಸ್ ನಡ್ಕೊಂಡು ಹೋದ್ರೇನೋ ಅಂತ ಕೊಡ್ಲಿಪೇಟೆಗೆ ಓಡ್ದೆ. ಡಾಕ್ಟ್ರು ಬಂದದ್ದು ಹನ್ನೊಂದರ ಬಸ್ಸಿಗೆ, ಆಮೇಲೆ ಹನ್ನೆರಡರ ಬಸ್ಸಿಗೆ ಬಂದ ನಿಮ್ಮ ಪಟೇಲ್ರು ನಿಮ್ಮ ಕಾರನ್ನೇ ಕಾಯ್ತಾ ಅಲ್ಲಿ ನೆನೆದು ತೊಪ್ಪೆಯಾಗಿ ನಿಂತಿದ್ರು. ಎತ್ತು ಕಟ್ಟಿದ ಕಾರಲ್ಲೇ ಕೂರಿಸ್ಕೊಂಡು ಬಂದೆ."

"ಇಲ್ಲಿಗೆ ಕರ್ಕೊಂಡ್ ಬರ್ಬೇಕಿತ್ತಲ್ಲೋ!"

"ಕರೆದೆ ಅಣ್ಣ, ಕೈ ಮುಗಿದು ಕರೆದೆ. 'ಕಾರು ಕಳಿಸ್ತೀನಿ ಅಂತ ಬರೆದು ಮಳೇಲಿ ನಿಲ್ಲಿಸಿದೋನ ಹೊಸಿಲು ತುಳಿಯಲ್ಲ' ಅಂದ್ರು. ನಮ್ಮನೇಲಿ ಒಣ ಪಂಚೆ ಕೊಟ್ವಿ. ಮಗಳು ಕಾಫಿ ತಂದಿಟ್ಟಳು. ಅವಳನ್ನ ನೋಡಿ..." ರೇವಣ್ಣ ನೆಲ ನೋಡಿದ. "ಅವರೇ ಕೇಳಿದ್ರು ಅಣ್ಣ. ನಾನಾಗಿ ಒಂದು ಮಾತೂ ಎತ್ತಲಿಲ್ಲ."

ಒಳಗಿನಿಂದ ಹೊನ್ನಮ್ಮ ಗಂಡನನ್ನು ನೋಡಿದ ನೋಟಕ್ಕೆ ಕುಲುಮೆಯೂ ಬೇಕಿರಲಿಲ್ಲ, ಕಬ್ಬಿಣ ಕರಗುತ್ತಿತ್ತು.

"ಈಗ ಐದು ಗಂಟೆ ಬಸ್ಸಿಗೆ ಅವರನ್ನ ಬಿಡ್ಬೇಕು. ಎತ್ತು ಸುಸ್ತಾಗವೆ, ನನ್ನ ಸರಪಳಿ ಕಿತ್ತೋಗಿದೆ. ನೀವೊಂದು ಸಲ..."

ಬಿಡಲಾರೆ ಎಂದರೆ ಪಟೇಲರು ರಾತ್ರಿಯೂ ರೇವಣ್ಣನ ಮನೆಯಲ್ಲೇ ಉಳಿಯುತ್ತಾರೆ. ಊಟ, ಹಾಡು, ನಗು, ಎಲ್ಲ ಗೋಡೆಯಾಚೆಯಿಂದ ಕೇಳಬೇಕು. ಅದಕ್ಕಿಂತ ಬಿಟ್ಟು ಬರುವುದೇ ಮೇಲು. "ಬಿಡ್ತೀನಿ," ಎಂದ ಸಿದ್ದಬಸಪ್ಪ ಒಣಗಿದ ದನಿಯಲ್ಲಿ. "ನನ್ನ ಹೆಸ್ರು ಮಾತ್ರ ಹೇಳ್ಬೇಡ."

ಹಾಗಾಗಿ ಆ ಸಂಜೆ ಪಟೇಲರು ಸಿದ್ದಬಸಪ್ಪನ ಕಾರಿನಲ್ಲೇ ಕೂತರು. ಧಡಾರ್ ಧಡಾರ್ ಎಂದು ಕಾರು ಕೆಸರನ್ನು ಬೆಣ್ಣೆಯಂತೆ ಸೀಳಿಕೊಂಡು ಹೋಯಿತು. ಎಲ್ಲೂ ಜಾರಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಪಟೇಲರಿಗೆ ಸಂತೋಷವೋ ಸಂತೋಷ.

"ಗಾಡಿ ಅಂದ್ರೆ ಇದು!" ಎಂದು ಸದ್ದನ್ನು ಮೀರಿ ಕೂಗಿದರು. "ಮದುವೆ ದಿನ ನಮ್ಮ ಹುಡುಗ ಇದರಲ್ಲೇ ಬರ್ಬೇಕು. ನೀವೇ ಓಡಿಸ್ಬೇಕು. ಆಗ್ದು ಅನ್ನೋ ಹಂಗಿಲ್ಲ!"

ಸಿದ್ದಬಸಪ್ಪ ತಲೆಯಾಡಿಸಿದ.

"ನಿಮ್ಮೂರಲ್ಲಿ ಸಿದ್ದಬಸಪ್ಪ ಅಂತ ಒಬ್ಬ ಇದ್ದಾನಲ್ಲ, ಗೊತ್ತಾ?"

"ಗೊತ್ತು."

"ಮೊದಲು ಅವನ ಮಗಳನ್ನೇ ನೋಡೋಕೆ ಬಂದಿದ್ದು. ಎಂಥ ಮನುಷ್ಯ ಅವನು?"

ಸಿದ್ದಬಸಪ್ಪ ಗಾಜಿನ ಮೇಲೆ ಇಳಿಯುತ್ತಿದ್ದ ಮಳೆಯನ್ನೇ ನೋಡುತ್ತಾ ಗೇರು ಬದಲಿಸಿದ. ಆಮೇಲೆ ಹೇಳಿದ:

"ಬಿಡಿ ಸ್ವಾಮಿ. ತಪ್ಪಿಸ್ಕೊಂಡ್ರಿ."