ಮಾಮಾನ ಇಳಿಜಾರು ಲೋಕಲ್

ಮುಂಬಯಿಯಲ್ಲಿ ಪುಕ್ಕಲರ ಸಂಘ ಅಂತ ಒಂದು ಇದ್ದಿದ್ದರೆ ಅದರ ಅಧ್ಯಕ್ಷ ಪದವಿ ನಮ್ಮ ಮಾಮಾನಿಗೆ ಅವಿರೋಧವಾಗಿ ಸಿಗುತ್ತಿತ್ತು. ಆದರೆ ಅವನು ಅಧಿಕಾರ ವಹಿಸಿಕೊಳ್ಳುತ್ತಿರಲಿಲ್ಲ. ಅಧ್ಯಕ್ಷರ ಕುರ್ಚಿಯ ಕಾಲು ಮುರಿದರೆ?

ಮಾಮಾ ಅಂದರೆ ನಮ್ಮವ್ವನ ತಮ್ಮ. ಗದಗಿನ ಕಡೆಯಿಂದ ಬಂದು ಸಾಂತಾಕ್ರೂಜಿನ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುತ್ತಿದ್ದ. ಅವನಿಗೆ ಲಿಫ್ಟೆಂದರೆ ಅಂಜಿಕೆ, ಅದಕ್ಕೇ ಮೆಟ್ಟಿಲು ಹತ್ತುತ್ತಿದ್ದ. ಮೆಟ್ಟಿಲೆಂದರೂ ಅಂಜಿಕೆ, ಅದಕ್ಕೇ ಗೋಡೆ ಹಿಡಿದು ಹತ್ತುತ್ತಿದ್ದ. ಬಿಲ್ಡಿಂಗಿಗೆ ಸುಣ್ಣ ಹೊಡೆದ ವಾರ ಅವನ ಅಂಗೈ ಬೆಳ್ಳಗಿರುತ್ತಿತ್ತು. ಜುಹೂಗೆ ಹೋದರೆ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು ಭೇಳ್ ತಿನ್ನುತ್ತಿದ್ದ. ಯಾಕೆ ಮಾಮಾ ಅಂದರೆ, "ನಾವು ಅದನ್ನ ನೋಡಿದ್ರ ಅದೂ ನಮ್ಮನ್ನ ನೋಡತೈತಿ" ಎನ್ನುತ್ತಿದ್ದ!

ನಗಬೇಕೆನಿಸಿದರೆ ನಕ್ಕುಬಿಡಿ. ನಾವೂ ನಗುತ್ತಿದ್ದೆವು. ಆದರೆ ಒಂದು ಅಂಜಿಕೆಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ನಾನು ಶಾಲೆಯಲ್ಲಿ ಎರಡನೇತ್ತೆಯಲ್ಲಿದ್ದಾಗ ಅಪ್ಪ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ತೀರಿಕೊಂಡಿದ್ದ. ಮಾಮಾ ಅವನ ಪಕ್ಕದಲ್ಲೇ ನಿಂತಿದ್ದನಂತೆ. ಅಂದಿನಿಂದ ಮಾಮಾ ಲೋಕಲ್ ಹತ್ತಲಿಲ್ಲ. ಗೋರೆಗಾಂವ್‌ನಿಂದ ಸಾಂತಾಕ್ರೂಜಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ. ಮನೆಯಲ್ಲಿ ಲೋಕಲ್ ಎಂಬ ಹೆಸರನ್ನೇ ಎತ್ತುತ್ತಿರಲಿಲ್ಲ. ಹಳ್ಳಿಯಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲವಲ್ಲ, ಹಾಗೆ 'ಅದು' ಎನ್ನುತ್ತಿದ್ದೆವು. ಸ್ಟೇಷನ್ನಿನ ಕಡೆಯಿಂದ 'ಅದರ' ಕೂಗು ಕೇಳಿದರೆ ಅವ್ವನ ಕೈಯಲ್ಲಿನ ರೊಟ್ಟಿ ಒಂದು ಗಳಿಗೆ ನಿಲ್ಲುತ್ತಿತ್ತು. ನನಗಂತೂ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಆ ಕರಿ ಸಂದು ಕನಸಿನಲ್ಲಿ ಬಂದು ಬಾಯಿ ತೆರೆಯುತ್ತಿತ್ತು.

ತೊಂದರೆ ಶುರುವಾದದ್ದು ನಾನು ಏಳನೇತ್ತೆಗೆ ಬಂದಾಗ. ನಮ್ಮ ಕನ್ನಡ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಎಂಟನೇತ್ತೆಗೆ ಸಾಂತಾಕ್ರೂಜಿಗೇ ಹೋಗಬೇಕು. ಬಸ್ಸಿನಲ್ಲಿ ಹೋದರೆ ಮನೆಗೆ ಬರುವಷ್ಟರಲ್ಲಿ ಕತ್ತಲು. ಕತ್ತಲಾದ ಮೇಲೆ ಹೆಣ್ಣುಹುಡುಗಿ ಬೀದಿಯಲ್ಲಿ ಇರುವುದೆಂದರೆ ಅವ್ವನಿಗೆ ಬೇರೆಯದೇ ಅಂಜಿಕೆ. 'ಅದರಲ್ಲಿ' ಕಳಿಸುವ ಮಾತೇ ಇಲ್ಲ. "ಏಳು ಕಲ್ತಿದ್ದು ಸಾಕ. ಮುಂದ ಹೊಲಿಗಿ ಕಲೀಲಿ" ಎಂದು ಅವ್ವ ತೀರ್ಮಾನ ಕೊಟ್ಟಳು. ನನಗೆ ಅಳು ಬಂತು. ಆದರೆ ಗಾಡಿ ಹತ್ತುತ್ತೇನೆ ಅನ್ನುವ ಧೈರ್ಯ ಬರಲಿಲ್ಲ. ನಾನೂ ಮಾಮಾನ ಸೊಸೆಯೇ ಅಲ್ಲವೇ!

ಅಂಥ ಹೊತ್ತಿನಲ್ಲಿ ಮಾಮಾ ಒಂದು ಸಂಜೆ ಬಗಲಲ್ಲಿ ಒಂದು ಹಲಗೆ ಇಟ್ಟುಕೊಂಡು ಬಂದ. ತಳದಲ್ಲಿ ನಾಲ್ಕು ಪುಟ್ಟ ಗಾಲಿಗಳು. ಹೋಟೆಲಿನಲ್ಲಿ ಇಳಿದಿದ್ದ ಯಾರೋ ಪರದೇಶದವನು ಬಿಟ್ಟು ಹೋಗಿದ್ದನಂತೆ, ಕೇಳಲು ಯಾರೂ ಬರದೆ ಮ್ಯಾನೇಜರು ಇವನ ಕೈಗೆ ಹಾಕಿದ್ದನಂತೆ. ಏನಿದು? ಅಜ್ಜಿ, ಅಂದರೆ ಮಾಮಾನ ತಾಯಿ, ಅದನ್ನು ಮಗುಚಿ ನೋಡಿ "ಗಾಲಿ ಹಚ್ಚಿದ ರೊಟ್ಟಿ ಮಣಿ" ಎಂದಳು. ಅವ್ವ ಅದರ ಮೇಲೆ ಅಕ್ಕಿ ಡಬ್ಬಿ ಇಟ್ಟು ಮಂಚದ ಕೆಳಗೆ ದೂಡಿ ನೋಡಿದಳು. ಕೊನೆಗೆ ಕೆಳಗಿನ ಮನೆಯ ಗೋವಾದ ಅಂಕಲ್, ಹಡಗಿನಲ್ಲಿ ಕೆಲಸದಲ್ಲಿದ್ದವರು, ನಕ್ಕು ಬಿಡಿಸಿ ಹೇಳಿದರು. "ಅರೇ, ಯೇ ತೋ ಸ್ಕೇಟ್‌ಬೋರ್ಡ್! ಇಸ್ಕೇ ಊಪರ್ ಖಡಾ ರೆಹನೇಕಾ. ಗಾಡಿ ಭಾಗ್ತಾ, ತುಮ್ ಖಡಾ!"

ಮಾಮಾ ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದ. ಆಮೇಲೆ ಅವ್ವನ ಹತ್ತಿರ ಹೋಗಿ ಹೇಳಿದ. "ಅಕ್ಕಾ, ಅದರಾಗೂ ಇಷ್ಟ ಅಲ್ಲೇನ? ಕಾಲ ಬುಡಕಿನ ನೆಲ ಓಡತೈತಿ, ನಾವು ನಿಂದರಬೇಕು. ಹುಡುಗಿಗೆ ಇದರ ಮ್ಯಾಲೆ ನಿಂದ್ರೂದು ಕಲಸ್ತೀನಿ. ಕಲ್ತಳಂದ್ರ ಸಾಲಿಗೆ ಕಳಸ್ತಿ?"

"ಯಾರು ಕಲಸಾಂವ?"

"ನಾನ!"

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗೆಯಲ್ಲಿ ಒಪ್ಪಿಗೆಯೂ ಬಂದುಹೋಯಿತು.

ಆದರೆ ಪೂಜೆಯಿಲ್ಲದೆ ಗಾಲಿ ಉರುಳಬಹುದೇ? ಆಯುಧಪೂಜೆಯ ಖಂಡೇನವಮಿ ಹತ್ತಿರವೇ ಇತ್ತು. ಅಜ್ಜಿ ಹಲಗೆಗೆ ಭಸ್ಮ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಸರ ಹಾಕಿದಳು. ಕಾಯಿ ಒಡೆದಳು. ಲಾರಿಗೆ ಮಾಡುವ ಹಾಗೆ ನಾಲ್ಕೂ ಗಾಲಿಗಳ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟಳು. ಗಾಲಿಗಿಂತ ಲಿಂಬೆಹಣ್ಣೇ ಎತ್ತರವಿತ್ತು! ಗೋವಾದ ಅಂಕಲ್ "ಏಕ್ ಛೋಟಾ ಪತ್ಥರ್ ಭೀ ನಹೀ ಚಲೇಗಾ" ಎಂದು, ಸಣ್ಣ ಕಲ್ಲು ಅಡ್ಡ ಬಂದರೂ ಈ ಗಾಲಿ ನಿಂತುಬಿಡುತ್ತದೆ ಎಂದು ಬಡಕೊಂಡರೂ ಅಜ್ಜಿ ಕೇಳಲಿಲ್ಲ. "ಗಾಲಿ ಅಂದ ಮ್ಯಾಲೆ ಲಿಂಬಿಹಣ್ಣ ಒಡಿಲೇಬೇಕು." ಮಾಮಾ ಟೊಪ್ಪಿಗೆ ಹಾಕಿಕೊಂಡು, ಹಲಗೆಯ ಮೇಲೆ ಎರಡೂ ಕಾಲಿಟ್ಟು, ಮನೆದೇವರ ಹೆಸರು ಹೇಳಿದ. ಬಿಲ್ಡಿಂಗಿನ ಹುಡುಗರು ಹಿಂದಿನಿಂದ ಜೋರಾಗಿ ದೂಡಿದರು.

ಲಿಂಬೆಹಣ್ಣಿಗೆ ಏನೂ ಆಗಲಿಲ್ಲ. ಹಲಗೆಯೂ ಇದ್ದಲ್ಲೇ ಇತ್ತು. ಮಾಮಾ ಮಾತ್ರ ಹೊರಟುಹೋದ! ಹೋಗಿ ಎದುರು ಮನೆಯ ಮರಾಠಿ ಕಾಕೂ ಒಣಹಾಕಿದ್ದ ಹಪ್ಪಳದ ಮೇಲೆ ಬಿದ್ದ. ಕಾಕೂ "ಅಗ ಬಾಈ!" ಎಂದು ಕಿರುಚಿದರು. ಅಜ್ಜಿ ಮಾತ್ರ ಸಮಾಧಾನದಿಂದ "ಬಿಡ್ರಿ, ದೃಷ್ಟಿ ಹೋತು" ಎಂದಳು. ಆ ನಾಲ್ಕು ಲಿಂಬೆಹಣ್ಣನ್ನು ಮರುದಿನ ಉಪ್ಪಿನಕಾಯಿ ಹಾಕಿದಳು.

ಮುಂದಿನ ರವಿವಾರದಿಂದ ಪಾಠ. ನಮ್ಮ ಬಿಲ್ಡಿಂಗು ಗುಡ್ಡದ ಸೆರಗಿನಲ್ಲಿತ್ತು. ಬಾಗಿಲಿನಿಂದ ದೊಡ್ಡ ರಸ್ತೆಯ ತನಕ ಸಿಮೆಂಟಿನ ಇಳಿಜಾರು. ಮಾಮಾ ಆ ಇಳಿಜಾರಿನಲ್ಲಿ ಸ್ಟೇಷನ್ನುಗಳನ್ನು ಗೊತ್ತು ಮಾಡಿದ. ನಮ್ಮ ಮೆಟ್ಟಿಲು ಗೋರೆಗಾಂವ್. ನೀರಿನ ಟಾಕಿ ಜೋಗೇಶ್ವರಿ. ಹಿಟ್ಟಿನ ಗಿರಣಿ ಅಂಧೇರಿ. ಗೇಟು ಪಾರ್ಲೆ. ಗೇಟಿನಾಚೆ ರಸ್ತೆಗೆ ಮುಂಚೆ ಇದ್ದ ಹುಣಸೆಮರ ಸಾಂತಾಕ್ರೂಜ್. ಹುಣಸೆಮರದ ಬುಡದಲ್ಲಿ ಇಳಿಯಲೇಬೇಕು. ಅದನ್ನು ದಾಟಿದರೆ ಲಾರಿ, ಬಸ್ಸು!

ಮೊದಲು ಗುರುಗಳೇ ಕಲಿಯಬೇಕಲ್ಲ. ಅವ್ವ ಅವನ ಸೊಂಟಕ್ಕೆ ಕೌದಿ ಸುತ್ತಿ ಹಗ್ಗದಿಂದ ಬಿಗಿದಳು. ಮನೆಯವರ ಹಳೆಯ ಬಟ್ಟೆಗಳನ್ನೆಲ್ಲ ಕೂಡಿಸಿ ಅವಳೇ ಹೊಲಿದ ಕೌದಿ ಅದು. ಅಜ್ಜಿಯ ಇಳಕಲ್ ಸೀರೆ, ನನ್ನ ಲಂಗ, ನಡುವೆ ಅಪ್ಪನ ನೀಲಿ ಪಟ್ಟೆಯ ಅಂಗಿ. ಮಾಮಾ ದಪ್ಪಗೆ ಗಾದಿಯ ಹಾಗೆ ಕಾಣುತ್ತಿದ್ದ. ಬಿದ್ದ. ಎದ್ದ. ಜೋಗೇಶ್ವರಿಯಲ್ಲಿ ಬಿದ್ದ, ಜೋಗೇಶ್ವರಿಗೆ ಮುಟ್ಟುವ ಮೊದಲೇ ಬಿದ್ದ, ನಿಂತಲ್ಲೇ ನಿಂತು ಬಿದ್ದ! ಪ್ರತಿ ಸಲ ಹಲಗೆ ಹತ್ತುವ ಮುಂಚೆ ಅವನ ತುಟಿ ಬಿಳಿಚಿಕೊಳ್ಳುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಬೀಳುವುದನ್ನು ನೋಡುವ ಶಕ್ತಿ ಯಾರಿಗಿತ್ತು ಹೇಳಿ?

ದೀಪಾವಳಿ ಕಳೆಯುವಷ್ಟರಲ್ಲಿ ಅವನಿಗೆ ಒಂದು ಸತ್ಯ ಗೊತ್ತಾಯಿತು. "ಅಂಜಿದ್ರ ಮೊಣಕಾಲು ಕಟ್ಟಿಗಿ ಆಗತಾವು. ಕಟ್ಟಿಗಿ ಆತಂದ್ರ ಬಿದ್ದಿ ಅಂತನ ತಿಳಿ. ಅಂಜಿಕಿ ಎದಿಯಾಗ ಇಟ್ಕೋ, ಮೊಣಕಾಲಿಗೆ ಇಳಿಸಬ್ಯಾಡ." ಇದನ್ನು ಕಂಡುಹಿಡಿದ ದಿನ ಅವನು ಅಂಧೇರಿ ಮುಟ್ಟಿದ. ಗಿರಣಿಯವನು ಹೊರಗೆ ಬಂದು ಕೈ ಕುಲುಕಿದ. ಕೈಯೆಲ್ಲ ಹಿಟ್ಟು.

ನಾನು ಕಲಿತದ್ದು ಆಮೇಲೆ. ಮಾಮಾ ಹಿಂದಿನಿಂದ ನನ್ನ ಲಂಗದ ಚುಂಗು ಹಿಡಿದು ಓಡುತ್ತಿದ್ದ. ಜೋಗೇಶ್ವರಿ ತನಕ ಉಸಿರೇ ಬಿಡುತ್ತಿರಲಿಲ್ಲ. ಆದರೆ ಒಂದು ದಿನ ನೀರಿನ ಟಾಕಿ ನನ್ನ ಪಕ್ಕದಲ್ಲಿ ಸರ್ರನೆ ಹಿಂದೆ ಹೋಯಿತು, ಕಿವಿಯಲ್ಲಿ ಗಾಳಿ ಗುಂಯ್ ಎಂದಿತು, ತಿರುಗಿ ನೋಡಿದರೆ ಮಾಮಾ ಎಲ್ಲೋ ಹಿಂದೆ! ಆ ಗಳಿಗೆಯ ಸುಖವನ್ನು ನಾನು ಇಂದಿಗೂ ಮರೆತಿಲ್ಲ. ಅದು ಅಂಜಿಕೆಯೋ ಸಂತೋಷವೋ ಅಂತ ಬಿಡಿಸಿ ಹೇಳಲು ಈಗಲೂ ಬರುವುದಿಲ್ಲ.

ಅಜ್ಜಿಗೆ ಮಾತ್ರ ಅಂಥ ಗೊಂದಲ ಇರಲಿಲ್ಲ. ಒಂದು ಸಂಜೆ ಎಲೆ ಅಡಿಕೆ ಹಾಕಿಕೊಂಡು, ಹಲಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, "ಎಲ್ಲಾರೂ ಹೋಗಾಕತ್ತೀರಿ, ನಾ ಏನ್ ಪಾಪ ಮಾಡೀನಿ?" ಎಂದು ಎರಡೂ ಕೈಯಿಂದ ನೆಲ ಒತ್ತಿಬಿಟ್ಟಳು. ಜೋಗೇಶ್ವರಿ ಹೋಯಿತು, ಅಂಧೇರಿ ಹೋಯಿತು. ಮಾಮಾ "ಯವ್ವಾ! ಯವ್ವಾ!" ಎಂದು ಕೂಗುತ್ತ ಹಿಂದೆ ಓಡಿದ. ಹುಣಸೆಮರದ ಬುಡದ ಮಣ್ಣಿನಲ್ಲಿ ಗಾಲಿ ಹೂತು ಅಜ್ಜಿ ನಿಂತಳು. ಸೆರಗು ಸರಿ ಮಾಡಿಕೊಂಡು ಕೇಳಿದಳು. "ಸಾಂತಾಕ್ರೂಜ್ ಬಂತೇನ? ಇಷ್ಟ ಹತ್ರ ಐತಿ, ನೀ ಯಾಕ ಎರಡ ಬಸ್ ಹತ್ತತಿ?"

ಹೀಗೆ ನಗುನಗುತ್ತಲೇ ಇದ್ದಾಗ ಆ ದಿನ ಬಂತು. ನಾನೊಬ್ಬಳೇ ಗೋರೆಗಾಂವ್‌ನಿಂದ ಹೊರಟೆ. ಪಾರ್ಲೆ ದಾಟುವಾಗ ವೇಗ ಬಹಳವಾಯಿತು. ಹುಣಸೆಮರದ ಹತ್ತಿರ ಕಾಲು ಇಳಿಸಬೇಕು, ಕಾಲು ಏಳಲಿಲ್ಲ. ಅಂಜಿಕೆ ಮೊಣಕಾಲಿಗೆ ಇಳಿದುಬಿಟ್ಟಿತ್ತು. ಎದುರು ರಸ್ತೆಯಲ್ಲಿ ಲಾರಿಯ ಹಾರ್ನು. ಮರ ಹಿಂದೆ ಹೋಯಿತು. ಅಷ್ಟರಲ್ಲಿ ಕೌದಿ ಸುತ್ತಿಕೊಂಡು ಮರದಾಚೆ ಕಾವಲು ನಿಂತಿದ್ದ ಮಾಮಾ ಪಕ್ಕದಿಂದ ಅಡ್ಡ ಬಿದ್ದ. ನಾನು ಹೋಗಿ ಆ ಕೌದಿಗೆ ಬಡಿದೆ. ಇಬ್ಬರೂ ಗಟಾರದಲ್ಲಿ ಬಿದ್ದೆವು. ಲಾರಿ ಹೋದ ಗಾಳಿ ಮುಖಕ್ಕೆ ಹೊಡೆಯಿತು. ಮಾಮಾ ನನ್ನ ರಟ್ಟೆ ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವನ ಬೆರಳಿನ ಗುರುತು ಮೂಡಿತ್ತು. "ಹಿಡದೀನಿ. ಈ ಸಲ ಹಿಡದೀನಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ.

ಅವ್ವ ಗ್ಯಾಲರಿಯಿಂದ ಎಲ್ಲ ನೋಡಿದ್ದಳು. ಕೆಳಗಿಳಿದು ಬಂದು ಹಲಗೆ ಒಯ್ದು ಅಟ್ಟದ ಮೇಲೆ ಹಾಕಿದಳು. ಹೊಲಿಗೆ ಕ್ಲಾಸಿನ ಟೀಚರ್ ಬಾಯಿಯವರನ್ನು ಮಾತಾಡಿಸಿ ಬಂದಳು. ಮಾಮಾ ಮತ್ತೆ ಗೋಡೆ ಹಿಡಿದು ನಡೆಯತೊಡಗಿದ. ಅವನನ್ನು ಚೇಷ್ಟೆ ಮಾಡಲು ಬಿಲ್ಡಿಂಗಿನಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ನಳದ ನೀರು ತರಲು ಹೋಗಿ ಮರಳಿ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವ್ವ ಹಲಗೆಯ ಮೇಲೆ ನಿಂತಿದ್ದಳು! ಒಂದು ಕೈಯಿಂದ ಕಪಾಟು, ಇನ್ನೊಂದರಿಂದ ಕಿಟಕಿಯ ಸರಳು ಹಿಡಿದಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಮೊದಲು ಕಪಾಟು ಬಿಟ್ಟಳು. ಬಹಳ ಹೊತ್ತಿನ ಮೇಲೆ ಸರಳನ್ನೂ ಬಿಟ್ಟಳು. ಹಲಗೆ ಒಂದು ಗೇಣು ಸರಿಯಿತು, ಅವ್ವ ನಿಂತೇ ಇದ್ದಳು. ಕಣ್ಣು ತೆರೆದಾಗ ನನ್ನನ್ನು ಕಂಡು ನಾಚಿದಳು.

"ಮೊಣಕಾಲು ಸಡ್ಲ ಬಿಡಬೇಕಲ್ಲ?" ಎಂದು ಕೇಳಿದಳು.

"ಹೂಂ ಅವ್ವಾ."

ಆ ಸಂಜೆ ಮಾಮಾ ಬಂದಾಗ ಚಹಾ ಕೊಟ್ಟು ಹೇಳಿದಳು. "ಹುಡುಗಿ ಸಾಲಿಗೆ ಹೋಗ್ಲಿ. ಆದ್ರ ತಮ್ಮಾ, ಜೋಡಿ ನೀ ಹೋಗಬೇಕು. ಅದರಾಗನ."

"ನಾನಾ?" ಮಾಮಾ ಚಹಾದ ಬಸಿ ಕೆಳಗಿಟ್ಟ. "ಅಕ್ಕಾ, ಆಕಿ ಕಲ್ತಾಳ. ನಾ ಎಲ್ಲಿ ಕಲ್ತೀನಿ?" ಗುರುಗಳ ಮಾತು ಕೇಳಿದಿರಲ್ಲ!

ಜೂನಿನಲ್ಲಿ ಶಾಲೆಯ ಮೊದಲ ದಿನ. ಮಳೆ. ಸ್ಟೇಷನ್ನಿನಲ್ಲಿ ಮಾಮಾ ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರ, ಚಹಾದಂಗಡಿಗೆ ಬೆನ್ನು ಹಚ್ಚಿ ನಿಂತಿದ್ದ. ಮಳೆಯಲ್ಲೂ ಸೆಕೆಯಿತ್ತು, ಆದರೂ ಅವನು ಯಾಕೋ ಬಟ್ಟೆಯ ಮೇಲೆ ಬಟ್ಟೆ ತೊಟ್ಟ ಹಾಗೆ ದಪ್ಪಗೆ ಕಾಣುತ್ತಿದ್ದ. ಗಾಡಿ ಬಂತು. ಒಂದು ಗಾಡಿ ಬಿಟ್ಟೆವು. "ಗರ್ದಿ ಐತಿ" ಎಂದ. ಇನ್ನೊಂದನ್ನೂ ಬಿಟ್ಟೆವು. ಅದು ಖಾಲಿಯೇ ಇತ್ತು! ಮೂರನೆಯದು ಬಂದಾಗ ಎದುರು ಮನೆಯ ಕಾಕೂ ನನ್ನ ಕೈ ಹಿಡಿದು ಹೆಂಗಸರ ಡಬ್ಬಿಗೆ ಎಳೆದುಕೊಂಡರು. ಅವರೂ ಅದೇ ಗಾಡಿಗೆ ಬಂದಿದ್ದರು. ಕರಿ ಸಂದು ನನ್ನ ಕಾಲ ಕೆಳಗೆ ದಾಟಿಹೋಯಿತು. ಗಾಡಿ ಜಗ್ಗಿತು. ಕಾಲು ಅಗಲಿಸಿದೆ, ಮೊಣಕಾಲು ಸಡಿಲ ಬಿಟ್ಟೆ. ನಿಂತಿದ್ದೆ. ಏನನ್ನೂ ಹಿಡಿಯದೆ ನಿಂತಿದ್ದೆ!

ಆದರೆ ಮಾಮಾ? ಹತ್ತಿದನೋ, ಚಹಾದಂಗಡಿಯಲ್ಲೇ ಉಳಿದನೋ? ನನ್ನ ಅಂಜಿಕೆಯೆಲ್ಲ ಆ ಕಡೆಗೆ ತಿರುಗಿತು. ಡಬ್ಬಿಯ ಕೊನೆಗೆ ಹೋಗಿ, ಗಂಡಸರ ಡಬ್ಬಿಗೂ ನಮ್ಮದಕ್ಕೂ ನಡುವಿನ ಕಬ್ಬಿಣದ ಜಾಲರಿಗೆ ಮುಖ ಹಚ್ಚಿ ನೋಡಿದೆ. ಅವನು ನಟ್ಟನಡುವೆ ನಿಂತಿದ್ದ. ಕಣ್ಣು ಮುಚ್ಚಿ, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಥೇಟು ಇಳಿಜಾರಿನಲ್ಲಿ ನಿಂತ ಹಾಗೆ. ಸುತ್ತಲಿನವರು ಜಾಗ ಬಿಟ್ಟು ಅವನನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರಿರಬೇಕು ಅಂದುಕೊಂಡೆ. ಅಲ್ಲ. "ಟಾಕಿ... ಗಿರಣಿ... ಗೇಟು..."

ಸಾಂತಾಕ್ರೂಜಿನಲ್ಲಿ ಇಳಿದಾಗ ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಸೊಂಟದ ಹತ್ತಿರ ಅಂಗಿಯ ಕೆಳಗಿನಿಂದ ಕೌದಿಯ ತುದಿ ಜೋತುಬಿದ್ದಿತ್ತು. ನೀಲಿ ಪಟ್ಟೆಯದು. ಅಪ್ಪನ ಅಂಗಿ.

"ಮಾಮಾ, ಕೌದಿ ಕಾಣಾಕತ್ತೈತಿ" ಎಂದೆ.

"ನಿಮ್ಮವ್ವನ ಕಟ್ಟ್ಯಾಳ, ಬ್ಯಾಡಂದ್ರೂ ಕೇಳಲಿಲ್ಲ" ಎಂದು ಸುತ್ತ ನೋಡಿದ. "ಲಗೂ ಒಳಗ ತುರುಕು ತಾಯಿ. ಮಂದಿ ನಗತಾರ."

ನಾನು ಬಗ್ಗಿ ಆ ನೀಲಿ ಪಟ್ಟೆಯನ್ನು ಮೆಲ್ಲಗೆ ಅವನ ಅಂಗಿಯೊಳಗೆ ಸೇರಿಸಿದೆ. ಆಮೇಲೆ ಇಬ್ಬರೂ ಕೊಡೆ ಬಿಚ್ಚಿ ಶಾಲೆಯ ಕಡೆಗೆ ಹೊರಟೆವು.