ಚೆನ್ನೆಮಣೆಯಲ್ಲಿ ಜನಸಂಖ್ಯೆ

ಮೂರು ಗಂಡುಮಕ್ಕಳಿರುವ ಮನೆಯಲ್ಲಿ ನಗುವಿಗೆ ಎಂದೂ ಬರ ಬರುವುದಿಲ್ಲ. ಬರುವುದು ಅಕ್ಕಿಗೆ.

೧. ತವರಿನ ಗಂಜಿ

ಆಟಿ ತಿಂಗಳ ಮಳೆಯಲ್ಲಿ ಹೊಸ ಮದುಮಗಳನ್ನು ತವರಿಗೆ ಕಳುಹಿಸುವುದು ನಮ್ಮ ಕಡೆಯ ರೂಢಿ. ಮದುವೆಯಾಗಿ ಎಂಟು ವರ್ಷವಾದರೂ ನಾನು ಅದನ್ನು ಬಿಟ್ಟಿರಲಿಲ್ಲ. ವೇಣೂರಿನಿಂದ ಮೂವರು ಮಕ್ಕಳನ್ನೂ ಎಳೆದುಕೊಂಡು ಪಾಣೆಮಂಗಳೂರಿಗೆ ಬಂದೆ. ಆಟಿಯೆಂದರೆ ಹಳೆಯ ಅಕ್ಕಿ ಮುಗಿಯುತ್ತ ಬಂದು, ಹೊಸ ಪೈರು ಇನ್ನೂ ಗದ್ದೆಯಲ್ಲಿರುವ ಕಾಲ.

ನಾನು ಕೊಡೆ ಮಡಚುವ ಮೊದಲೇ ಅಮ್ಮ ನಾಲ್ಕನೆಯದು ಯಾವಾಗ ಎಂದಳು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ನಾನು ಅವಳಿಗೆ ಒಬ್ಬಳೇ ಮಗಳು; ಅವಳ ತಂಗಿಗಾದರೆ ಮನೆ ತುಂಬ ಹೆಣ್ಣು ಮೊಮ್ಮಕ್ಕಳು. ನನಗೋ ಮೂರೇ ಸಾಕಾಗಿ ಹೋಗಿತ್ತು.

"ಹೆಣ್ಣೇ ಆಗ್ತದೆಂದು ಬರೆದು ಕೊಡ್ತೀಯಾ?" ಎಂದೆ.

"ನೀನು ಹೆತ್ತು ಕೊಡು. ಹೊಟ್ಟೆಗೆ ಹಾಕುವುದು ನನ್ನ ಕೆಲಸ."

ಅಷ್ಟರಲ್ಲಿ ಮೊಮ್ಮಕ್ಕಳು ಅವಳ ಪಾಲಿನ ಗಂಜಿಯನ್ನೂ ಕುಡಿದು ಮುಗಿಸಿದ್ದರು.

೨. ಅಧಿಕಾರಿಯ ಆಟ

ಮರುವಾರ ಕುಟುಂಬ ಯೋಜನೆಯ ಅಧಿಕಾರಿಯೊಬ್ಬರು ಜಗಲಿಗೆ ಬಂದರು. ಜನ ದುಪ್ಪಟ್ಟಾಗುತ್ತ ಹೋಗುತ್ತಾರೆ, ಭತ್ತ ಒಂದೊಂದೇ ಹೆಚ್ಚುತ್ತದೆ ಎಂದರು. ನಮಗೆ ತಿಳಿಯಲೆಂದು, ಆಟಿಯಲ್ಲಿ ನಾವು ಬೀಜ ಹಾಕಿ ಆಡುವ ಚೆನ್ನೆಮಣೆ ಎಳೆದುಕೊಂಡು ಒಂದು ಸಾಲಿನ ಗುಳಿಗಳಲ್ಲಿ ಜನವೆಂದು ಒಂದು, ಎರಡು, ನಾಲ್ಕು, ಎಂಟು ಬೀಜ ಹಾಕಿದರು. ಎದುರು ಸಾಲಿನಲ್ಲಿ ಭತ್ತವೆಂದು ಒಂದು, ಎರಡು, ಮೂರು, ನಾಲ್ಕು. ಆರನೆಯ ಗುಳಿಗೆ ಬರುವಾಗ ಜನಕ್ಕೇ ಬೀಜ ಸಾಲಲಿಲ್ಲ.

ಚೆನ್ನೆಯಲ್ಲಿ ಅಮ್ಮನನ್ನು ಸೋಲಿಸಿದವರು ಊರಲ್ಲಿಲ್ಲ.

"ಸಾಲದಿದ್ದರೆ ಎದುರಿನವರ ಗುಳಿಯಿಂದ ಎತ್ತಬೇಕು ಸ್ವಾಮಿ. ಆಟ ಕಲಿತು ಬನ್ನಿ" ಎಂದಳು.

ಪಾಪ, ಅವರು ಚಹಾ ಸಹ ಕುಡಿಯದೆ ಎದ್ದರು.

೩. ಅಳಿಯನಿಗೆ ಪಾಠ

ತಿಂಗಳು ಮುಗಿಯುವಾಗ ಅಮ್ಮ ಹುಲ್ಲಿನಲ್ಲಿ ಕಟ್ಟಿಟ್ಟಿದ್ದ ಕೊನೆಯ ಅಕ್ಕಿ ಮುಡಿ ಬಿಚ್ಚಿಯಾಗಿತ್ತು. ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಭರಣಿಯ ತಳ ಕಾಣುತ್ತಿತ್ತು. ನಾಲ್ಕನೆಯದರ ಮಾತು ಮಾತ್ರ ಕೇಳಿಬರುತ್ತಿರಲಿಲ್ಲ.

ನನ್ನನ್ನು ಕರೆದೊಯ್ಯಲು ಬಂದ ಗಂಡ, ಅತ್ತೆಯನ್ನು ಸಂತೋಷಪಡಿಸುವ ಎಂದು ಬಾಯಿ ಬಿಟ್ಟರು: "ಬರುವ ಆಟಿಗೆ ನಿಮಗೊಂದು ಮೊಮ್ಮಗಳು, ಅತ್ತೆ."

ಅಮ್ಮ ಚೆನ್ನೆಮಣೆ ತಂದಳು. ಉಳಿದಿದ್ದ ಹಲಸಿನ ಬೀಜವನ್ನೆಲ್ಲ ಸುಟ್ಟು ಸುಲಿದು, ಎರಡು ಸಾಲಿನಲ್ಲೂ ಹಾಕುತ್ತ ಅಧಿಕಾರಿಯ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

"ಇದು ಜನ. ಇದು ಭತ್ತ" ಎಂದು ಎದುರು ಸಾಲಿಗೆ ಬೆರಳು ತೋರಿಸಿದರೆ ಅಲ್ಲಿ ಏನೂ ಇಲ್ಲ. ನನ್ನ ಮೂವರೂ ಮಣೆಯ ಆಚೆ ಕುಳಿತು ಬಾಯಿ ಆಡಿಸುತ್ತಿದ್ದರು. ದೊಡ್ಡವನ ಕೈ ಆಗಲೇ ಜನದ ಸಾಲಿಗೂ ಬಂದಿತ್ತು.

ಅಮ್ಮ ಅಳಿಯನ ಮುಖ ನೋಡಿದಳು.

"ಮೊಮ್ಮಗಳನ್ನು ನನ್ನ ತಂಗಿಯ ಗುಳಿಯಿಂದ ಎತ್ತಿಕೊಳ್ಳುತ್ತೇನೆ. ನೀವು ಈ ಮೂವರನ್ನು ಎತ್ತಿಕೊಂಡು ಮೊದಲ ಬಸ್ಸಿಗೆ ಹೊರಡಿ."