ನಾಗಲದಿನ್ನೆದು ಸೆಟ್ ಆತು

ಹೆಸರಿಗೆ ತಕ್ಕಂತೆ ಬ್ರಹ್ಮಚಾರಿಯಾಗಿಯೇ ಮೂವತ್ತು ದಾಟಿದ್ದ ಆಂಜಿನೇಯ, ಎಮ್ಮಿಗನೂರಿನ ತನ್ನ ಮೋಟಾರು ರಿಪೇರಿ ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಕೂಗಿದ:

“ನಾಗಲದಿನ್ನೆದು ಸೆಟ್ ಆತ್ರಿ! ಸೌಂಡ್ ಸ್ವಲ್ಪ ಜಾಸ್ತಿ ಐತಿ, ಆದ್ರ ಗಟ್ಟಿ ಐತಿ.”

ಅವನು ಹೇಳಿದ್ದು ಹೊಳೆದಂಡೆಯ ನಾಗಲದಿನ್ನೆ ಊರಿನ ರೈತರೊಬ್ಬರ ಪಂಪ್‌ಸೆಟ್ ಬಗ್ಗೆ. ಕೇಳಿಸಿಕೊಂಡದ್ದು ಪಕ್ಕದ ಬಳೆ ಅಂಗಡಿಯ ಜಯಕ್ಕ.

ಓಣಿಯಲ್ಲೊಬ್ಬ ಹುಡುಗ ಮದುವೆಯಾಗದೆ ಉಳಿದನೆಂದರೆ ಜಯಕ್ಕನಿಗೆ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಿಕೊಂಡ ಹಾಗೆ. ಗಿರಾಕಿಯ ಕೈಗೆ ಅರ್ಧ ಏರಿಸಿದ್ದ ಬಳೆಯನ್ನು ಅಲ್ಲೇ ಬಿಟ್ಟು ನಂದವರದ ತಂಗಿಗೆ ಫೋನ್ ಹಚ್ಚಿದಳು. “ಆಂಜಿನೇಯಂದು ಸೆಟ್ ಆತಂತ! ನಾಗಲದಿನ್ನೆ ಹುಡುಗಿ. ಬಾಯಿ ಜೋರಂತ, ಆದ್ರ ಆಳು ಗಟ್ಟಿ ಅದಾಳಂತ.”

ನಂದವರದಲ್ಲೇ ಹೊನ್ನೂರಪ್ಪನ ಮನೆ. ಹೋದ ವಾರ ಆಂಜಿನೇಯ ಅವನ ಮಗಳು ಮಹೇಶ್ವರಿಯನ್ನು ನೋಡಿ ಬಂದಿದ್ದ. ಎಂ.ಎ. ಓದಿದವಳು, ತಲೆಯೆತ್ತಿ ಮಾತಾಡಿದ್ದಳು. ಅಂದಿನಿಂದ ಆಂಜಿನೇಯನಿಗೆ ಮೋಟಾರಿಗೆ ತಂತಿ ಸುತ್ತುವ ಕೆಲಸದಲ್ಲಿ ಸುತ್ತುಗಳು ತಪ್ಪುತ್ತಿದ್ದವು.

ಮಧ್ಯಾಹ್ನ ತಾಯಿ ಸುಂಕಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದಳು.

“ಹೊನ್ನೂರಪ್ಪ ಫೋನ್ ಮಾಡಿ ಬಾಯಿಗೆ ಬಂದಂಗ ಬೈದ. ಬ್ಯಾರೆ ಕಡಿ ಸೆಟ್ ಮಾಡ್ಕೊಂಡು ನಮ್ಮನಿಗೆ ಬಂದು ಉಗ್ಗಾಣಿ ಬಜ್ಜಿ ತಿಂದು ಹೋಗ್ಯಾನ ಅಂದ. ಯಾರೋ ಆಕಿ?”

ಆಂಜಿನೇಯ ತಾಯಿಯ ಕೈಹಿಡಿದು ಪಂಪಿನ ಮುಂದೆ ನಿಲ್ಲಿಸಿದ. “ಈಕಿನಾ ನೋಡವ್ವ!” ಎಂದು ಸ್ವಿಚ್ ಒತ್ತಿದ. ಅಂಗಡಿಯ ತಗಡುಗಳೆಲ್ಲ ಗಡಗಡ ನಡುಗಿದವು.

“ಅಯ್ಯ, ಸೆಟ್ ಆತು ಅಂದ್ರ ನಾವೇನ್ ತಿಳಕಬೇಕಪ್ಪ?” ಬಾಗಿಲಲ್ಲಿ ಜಯಕ್ಕ.

“ಜಯಕ್ಕಾ, ನೀ ಮಾರೋದು ಬಳಿ ಸೆಟ್, ಹೋಟ್ಲಾಗ ತಿನ್ನೋದು ಸೆಟ್ ದ್ವಾಸಿ, ನಿಮ್ಮತ್ತಿ ಬಾಯಾಗಿರೋದು ಹಲ್ಲಿನ ಸೆಟ್. ಸೆಟ್ ಅಂದಕೂಡ್ಲೆ ತಾಳಿ ಕಟ್ಟಿಬಿಡ್ತಾರೇನು?”

ಹೊನ್ನೂರಪ್ಪನಿಗೆ ಫೋನ್ ಮಾಡಿದ. ಅವನು ನಂಬಲಿಲ್ಲ. ಕೊನೆಗೆ ಆಂಜಿನೇಯ ಫೋನನ್ನು ಓಡುತ್ತಿದ್ದ ಪಂಪಿನ ಬಾಯಿಗೇ ಹಿಡಿದ.

“ಸರೇ ಸರೇ, ಬಂದ್ ಮಾಡಪ್ಪ, ಕಿವಿ ಹೋದ್ವು!” ಹೊನ್ನೂರಪ್ಪ ನಕ್ಕುಬಿಟ್ಟ. “ಮಗಳು ಮನಿಗೆ ಬರಲಿ, ಕೇಳಿ ಹೇಳ್ತೀನಿ.”

ಸಂಜೆ ಫೋನ್ ಬಂತು. ಹಿಂದೆ ಜನರ ಗದ್ದಲ. “ಆಂಜಿನೇಯಾ, ನಮ್ಮ ಮಹೇಶ್ವರಿದು ಸೆಟ್ ಆತಪ್ಪಾ! ಮನಿ ತುಂಬ ಮಂದಿ, ಲಾಡು ಹಂಚಾಕ ಹತ್ತೀವಿ!” ಅಷ್ಟರಲ್ಲಿ ಕಟ್ಟಾಯಿತು.

ಆಂಜಿನೇಯ ಅಂಗಡಿಗೆ ಬೀಗ ಹಾಕುವುದನ್ನೂ ಮರೆತ. ಓಣಿಗೆಲ್ಲ ಜಿಲೇಬಿ ಹಂಚಿದ; ಜಯಕ್ಕನ ಬಾಯಿಗೆ ತಾನೇ ಎರಡು ತುರುಕಿದ. ಹೊಸ ಅಂಗಿ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು, ತಾಯಿಯನ್ನು ಆಟೋ ಹತ್ತಿಸಿದ. ಜಯಕ್ಕ ಕರೆಯದೆಯೇ ಹತ್ತಿದಳು.

ಹೊನ್ನೂರಪ್ಪ ಬಾಗಿಲಿಗೇ ಬಂದ. “ಸುದ್ದಿ ಕೇಳಿದಕೂಡ್ಲೆ ಬಂದ್ರಲ್ಲ, ದೊಡ್ಡ ಮನಸು ನಿಮ್ದು!”

ಮಹೇಶ್ವರಿ ಲಾಡು ತಂದು ನೀಡಿದಳು. ಹಣ್ಣಿನ ಬುಟ್ಟಿ ತೆಗೆದುಕೊಂಡು ನಗುತ್ತ ಅಂದಳು: “ಥ್ಯಾಂಕ್ಸ್ ಅಣ್ಣಾ.”

ಆಂಜಿನೇಯನ ಬಾಯಲ್ಲಿದ್ದ ಲಾಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಸೆಟ್ ಅಂದ್ರ ಸಣ್ಣ ಪರೀಕ್ಷಿ ಅಲ್ಲಪ್ಪ,” ಎಂದ ಹೊನ್ನೂರಪ್ಪ. “ಡಿಗ್ರಿ ಕಾಲೇಜಿನಾಗ ಲೆಕ್ಚರರ್ ಆಗಬೇಕಂದ್ರ ಅದು ಪಾಸಾಗಬೇಕು. ಇವತ್ತು ರಿಸಲ್ಟ್ ಬಂತು. ಇನ್ನ ಆಕಿ ಲೆಕ್ಚರರ್ ಗಂಡಾನ ಬೇಕಂತಾಳ. ತಪ್ಪು ತಿಳಕಬ್ಯಾಡ.”

ಸುಂಕಲಮ್ಮ ಕೈಯಲ್ಲಿದ್ದ ಲಾಡನ್ನು ತಟ್ಟೆಗೆ ವಾಪಸ್ ಇಟ್ಟಳು. ಅದನ್ನು ಕಂಡು ಹೊನ್ನೂರಪ್ಪನಿಗೂ ಇರುಸುಮುರುಸಾಯಿತೇನೋ, ಆಂಜಿನೇಯನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಅಂದ:

“ಹೆಂಗೂ ಬಂದೀದಿ. ಹಿತ್ತಲದಾಗ ನೀರಿನ ಮೋಟಾರು ನಿಂತೈತಿ. ಅದನ್ನರ ಸೆಟ್ ಮಾಡಿ ಹೋಗಪ್ಪ.”

ಆಂಜಿನೇಯ ಲಾಡು ನುಂಗಿ, ಹೊಸ ಅಂಗಿಯ ತೋಳು ಮಡಚಿದ.

“ಸ್ಪ್ಯಾನರ್ ಐತೇನ್ರಿ?”